ಕುಡಿಕೆ ಹೊನ್ನಿನ ಲೆಕ್ಕ

ಇಲ್ಲಿ ಏನಾದರೂ ಬರೆದು ತಿಂಗಳುಗಳೇ ಆದವು. ಆಫೀಸು, ಟ್ರಾಫಿಕ್ಕು, ಮತ್ತೆ ಆಫೀಸು... ನೆಪಗಳಿಗೇನು ಬರ ಬಿಡಿ. ಆದರೆ ಈ ಸಲ ಮೌನವಾಗಿದ್ದಕ್ಕೆ ಬೇರೊಂದು ಕಾರಣವೂ ಇತ್ತು. ಸಂಜೆ ಹೊತ್ತು ಒಂದು ಎಕ್ಸೆಲ್ ಹಾಳೆ ತೆರೆದುಕೊಂಡು, ನಾನು ಕೆಲಸ ಬಿಡಬಹುದಾದ ದಿನ ಯಾವುದು ಅಂತ ಲೆಕ್ಕ ಹಾಕುತ್ತಾ ಕೂತಿರುತ್ತಿದ್ದೆ.

ನನ್ನ ಟೀಮಿನಲ್ಲಿ ಇದೊಂದು ಹುಚ್ಚು. ಊಟದ ಟೇಬಲ್ಲಿನಲ್ಲಿ ಕ್ರಿಕೆಟ್ ಮಾತು ಮುಗಿದರೆ ಮುಂದಿನದು 'ನಿನ್ನ ನಂಬರ್ ಎಷ್ಟು?' ನಂಬರ್ ಅಂದರೆ ವರ್ಷದ ಖರ್ಚಿನ 25 ಪಟ್ಟು. ತಿಂಗಳಿಗೆ 40,000 ಖರ್ಚು ಮಾಡುವವನಿಗೆ ವರ್ಷಕ್ಕೆ 4.8 ಲಕ್ಷ, ಅದರ 25 ಪಟ್ಟು 1.2 ಕೋಟಿ. ಅಷ್ಟು ಕೂಡಿಟ್ಟರೆ ನಲವತ್ತಕ್ಕೇ ರಾಜೀನಾಮೆ ಕೊಟ್ಟು ಊರಿಗೆ ಹೋಗಬಹುದು ಅನ್ನುವ ಕನಸು.

ದೀಪಾವಳಿಗೆ ತುಮಕೂರಿಗೆ ಹೋದಾಗ ಈ ಕನಸನ್ನು ಅಪ್ಪನ ಮುಂದೆ ಬಿಚ್ಚಿಟ್ಟೆ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ನಾನೂ ಅರ್ಲಿ ರಿಟೈರ್‌ಮೆಂಟ್ ತಗೊಂಡವನೇ ಕಣೋ" ಅಂದರು, ಅಷ್ಟೇ.

ನಿಜ. 2003ರಲ್ಲಿ ಅಪ್ಪನ ಕಾರ್ಖಾನೆಯಲ್ಲಿ ವಿಆರ್‌ಎಸ್ ಬಂತು. ಸ್ವಯಂ ನಿವೃತ್ತಿ ಅಂತ ಹೆಸರು. ಸ್ವಯಂ ಎಷ್ಟಿತ್ತು ಅನ್ನೋದು ತಗೊಂಡವರಿಗೇ ಗೊತ್ತು. ಆಗ ಅಪ್ಪನಿಗೆ 45, ನನಗೆ ಆರು. ಆ ಕಾಲದಲ್ಲಿ ಇದು ನಮ್ಮೊಬ್ಬರ ಮನೆ ಕಥೆಯಲ್ಲ. 2000-01ರಲ್ಲಿ ಸರ್ಕಾರಿ ಬ್ಯಾಂಕುಗಳಲ್ಲೇ ಲಕ್ಷದಷ್ಟು ಜನ ವಿಆರ್‌ಎಸ್ ತಗೊಂಡು ಮನೆಗೆ ಬಂದಿದ್ದರು. ನಾನು ಕನಸು ಅಂತ ಹೇಳಿದ ಪದ ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ಯಾರೂ ಬಾಯಿಬಿಟ್ಟು ಆಡದ ಪದ ಅಂತ ನನಗೆ ಹೊಳೆದದ್ದು ಆಗ.

ವಾಪಸ್ ಬಂದ ಮೇಲೆ ಈ 25ರ ಮಗ್ಗಿ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನು ಇಲ್ಲಿ ಇಡುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಕಾಫಿ ತಂದುಕೊಂಡು ಕೂರಿ.

ಮೊದಲ ಹೆಸರು ಬೆಂಜಮಿನ್ ಫ್ರಾಂಕ್ಲಿನ್. 1706ರಲ್ಲಿ ಬೋಸ್ಟನ್‌ನಲ್ಲಿ ಸೋಪು, ಮೇಣದಬತ್ತಿ ಮಾಡುವವನ ಮನೆಯಲ್ಲಿ ಹುಟ್ಟಿದವನು. ಹನ್ನೆರಡನೇ ವಯಸ್ಸಿಗೆ ಅಣ್ಣನ ಪ್ರೆಸ್ಸಿನಲ್ಲಿ ಕೆಲಸ ಕಲಿಯಲು ಸೇರಿದ. ಹದಿನಾರರ ಸುಮಾರಿಗೆ ಸಸ್ಯಾಹಾರದ ಬಗ್ಗೆ ಒಂದು ಪುಸ್ತಕ ಓದಿ ಮಾಂಸ ಬಿಟ್ಟ. ಬಿಟ್ಟವನು ಅಣ್ಣನ ಹತ್ತಿರ ಒಂದು ಒಪ್ಪಂದ ಮಾಡಿಕೊಂಡ: ನನ್ನ ಊಟಕ್ಕೆ ನೀನು ಕೊಡುವ ದುಡ್ಡಿನಲ್ಲಿ ಅರ್ಧ ನನ್ನ ಕೈಗೆ ಕೊಡು, ಊಟ ನಾನೇ ನೋಡಿಕೊಳ್ಳುತ್ತೇನೆ. ಅಣ್ಣ ಖುಷಿಯಿಂದ ಒಪ್ಪಿದ. ಆ ಅರ್ಧದಲ್ಲೂ ಅರ್ಧ ಉಳಿಸಿ ಈತ ಪುಸ್ತಕ ಕೊಂಡ. ಸಂಬಳದ 50 ಶೇಕಡಾ ಉಳಿಸಿ ಅನ್ನುವ ಇವತ್ತಿನ ಉಪದೇಶಕರಿಗೆಲ್ಲ ಮೂಲಪುರುಷ ಈ ಹುಡುಗ.

ಆತನ ಆತ್ಮಕಥೆಯಲ್ಲಿ ನನಗೆ ಇಷ್ಟವಾದ ಪ್ರಸಂಗ ಇನ್ನೊಂದು. ಫಿಲಡೆಲ್ಫಿಯಾದಲ್ಲಿ ಸ್ವಂತ ಪ್ರೆಸ್ ನಡೆಸುವಾಗ ಬೆಳಗ್ಗೆ ಹಾಲು ಬ್ರೆಡ್ಡು ತಿನ್ನುತ್ತಿದ್ದದ್ದು ಎರಡು ಪೆನ್ನಿಯ ಮಣ್ಣಿನ ಬಟ್ಟಲಲ್ಲಿ, ಸೀಸ ತವರದ ಚಮಚದಲ್ಲಿ. ಒಂದು ದಿನ ನೋಡಿದರೆ ಪಿಂಗಾಣಿ ಬಟ್ಟಲು, ಬೆಳ್ಳಿ ಚಮಚ! ಹೆಂಡತಿ ಡೆಬೊರಾ 23 ಶಿಲಿಂಗ್ ಕೊಟ್ಟು ತಂದಿದ್ದಳು. ಯಾಕೆ ಅಂದರೆ, ಪಕ್ಕದ ಮನೆಯವರ ಗಂಡಂದಿರಿಗೆ ಇರುವುದು ನನ್ನ ಗಂಡನಿಗೂ ಇರಲಿ ಅಂತ. ಆ ಒಂದು ಬಟ್ಟಲಿನಿಂದ ಶುರುವಾಗಿ ವರ್ಷ ಕಳೆದಂತೆ ಮನೆಯಲ್ಲಿ ನೂರಾರು ಪೌಂಡಿನ ಪಾತ್ರೆ ಸೇರಿತು ಅಂತ ಬರೆಯುತ್ತಾನೆ. ಸಂಬಳ ಏರಿದ ಹಾಗೆ ಫೋನು, ಬೈಕು, ಫ್ಲಾಟು ಏರುವ ನಮ್ಮ ಕಾಯಿಲೆ ಹೊಸದೇನಲ್ಲ.

ಆದರೆ ಅದೇ ಆತ್ಮಕಥೆಯಲ್ಲಿ ಡೆಬೊರಾ ಏನು ಮಾಡುತ್ತಿದ್ದಳು ಅಂತಲೂ ಇದೆ. ಅಚ್ಚಾದ ಹಾಳೆ ಮಡಚಿ ಹೊಲಿಯುವುದು, ಅಂಗಡಿಯಲ್ಲಿ ಕೂರುವುದು, ಕಾಗದ ಮಾಡುವವರಿಗಾಗಿ ಹಳೇ ಬಟ್ಟೆ ಚಿಂದಿ ಕೊಳ್ಳುವುದು. 1748ರಲ್ಲಿ, 42ನೇ ವಯಸ್ಸಿಗೆ, ಫ್ರಾಂಕ್ಲಿನ್ ತನ್ನ ಪಾಲುದಾರ ಡೇವಿಡ್ ಹಾಲ್‌ಗೆ ಪ್ರೆಸ್ ಒಪ್ಪಿಸಿದ. ಹದಿನೆಂಟು ವರ್ಷ ಲಾಭದಲ್ಲಿ ಪಾಲು ಬರುವ ಒಪ್ಪಂದ. ಕೈ ಖಾಲಿಯಾದ ಮೇಲೆಯೇ ಆತ ವಿದ್ಯುತ್ತಿನ ಪ್ರಯೋಗಗಳಿಗೆ ಪೂರ್ತಿ ಇಳಿದದ್ದು. ಗಾಳಿಪಟದ ಪ್ರಯೋಗ 1752ರದ್ದು. ಡೆಬೊರಾಗೆ ಮಾತ್ರ ಯಾರೂ ನಿವೃತ್ತಿ ಕೊಡಲಿಲ್ಲ. ಗಂಡ ವರ್ಷಗಟ್ಟಲೆ ಲಂಡನ್ನಿನಲ್ಲಿ ಇದ್ದಾಗ ಮನೆ, ವ್ಯವಹಾರ ಎಲ್ಲ ಆಕೆಯದೇ. 1774ರ ಡಿಸೆಂಬರಿನಲ್ಲಿ ಆಕೆ ತೀರಿಕೊಂಡಾಗಲೂ ಆತ ಲಂಡನ್ನಿನಲ್ಲೇ ಇದ್ದ. ಮನೆಯಲ್ಲಿ ಗುಲಾಮರೂ ಇದ್ದರು. ಅವರ ದುಡಿಮೆ ಆ ಮಿತವ್ಯಯದ ಕಥೆಯಲ್ಲಿ ಎಲ್ಲೂ ಖರ್ಚಿನ ಕಡೆ ಬರೆದಿಲ್ಲ.

ನಡುವೆ ನಮ್ಮವರೊಬ್ಬರನ್ನು ನೆನೆಸಿಕೊಳ್ಳಬೇಕು. ಸರ್ ಎಂ. ವಿಶ್ವೇಶ್ವರಯ್ಯ ಮುಂಬೈ ಸರ್ಕಾರದ ಕೆಲಸಕ್ಕೆ ಸ್ವಯಂ ನಿವೃತ್ತಿ ಹೇಳಿದ್ದು 1908ರಲ್ಲಿ, ಐವತ್ತು ತುಂಬುವ ಮೊದಲೇ. ಮುಂದೆ ಹೈದರಾಬಾದಿನ ಮೂಸಿ ಪ್ರವಾಹದ ಕೆಲಸ, 1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರ್, 1912ರಲ್ಲಿ ದಿವಾನ್. ನಾವು ಅವರನ್ನು ನೆನೆಯುವ ಕೆಲಸದಲ್ಲಿ ದೊಡ್ಡ ಪಾಲು 'ರಿಟೈರ್' ಆದ ಮೇಲಿನದು! ಬೇಗ ನಿವೃತ್ತಿ ಅಂದರೆ ಕಾಲು ಚಾಚಿ ಮಲಗೋದು ಅಂದುಕೊಂಡವರಿಗೆ ಇವರಿಬ್ಬರೂ ನಿರಾಸೆ ಮಾಡುತ್ತಾರೆ :-)

ಮುಂದಿನವರು ನನ್ನ ವಯಸ್ಸಿನವರು, ಹಾಗಾಗಿ ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಬರೆಯುತ್ತಿದ್ದೇನೆ.

1829ರಲ್ಲಿ ಬೋಸ್ಟನ್‌ನಲ್ಲಿ ಲಿಡಿಯಾ ಮರಿಯಾ ಚೈಲ್ಡ್ ಅನ್ನುವ 27 ವರ್ಷದ ಹೆಂಗಸು 'ದಿ ಫ್ರೂಗಲ್ ಹೌಸ್‌ವೈಫ್' ಅಂತ ಒಂದು ಪುಸ್ತಕ ಬರೆದಳು. ಮಿತವ್ಯಯಕ್ಕೆ ನಾಚಿಕೊಳ್ಳದವರಿಗೆ ಅಂತ ಅರ್ಪಣೆ. ಆಕೆಯ ಗಂಡ ವಕೀಲ, ಪತ್ರಿಕೆಯ ಸಂಪಾದಕ, ಆದರ್ಶವಾದಿ; ಮತ್ತು ಸದಾ ಸಾಲಗಾರ. ಹಾಗಾಗಿ ಆಕೆ ಬರೆದದ್ದು ಹವ್ಯಾಸಕ್ಕಲ್ಲ, ಮನೆ ನಡೆಯುವುದಕ್ಕೆ. ಚಿಂದಿ ಬಟ್ಟೆ ಮಾತ್ರವಲ್ಲ, ಚೂರು ಸಮಯವನ್ನೂ ಎಸೆಯಬೇಡಿ ಅನ್ನುವುದು ಪುಸ್ತಕದ ಮೊದಲ ಪಾಠ. ಹಂದಿಗೆ ಹಾಕುವ ಮುಸುರೆ ಬಕೆಟ್ಟನ್ನೂ ಒಮ್ಮೆ ಬಗ್ಗಿ ನೋಡಿ, ಉಪಯೋಗಕ್ಕೆ ಬರುವಂಥದ್ದು ಹೋಗುತ್ತಿದೆಯಾ ಅಂತ ಹೇಳುತ್ತಾಳೆ. ಪುಸ್ತಕ ಮೂವತ್ತಕ್ಕೂ ಹೆಚ್ಚು ಮುದ್ರಣ ಕಂಡಿತು. ಆದರೆ 1833ರಲ್ಲಿ ಆಕೆ ಗುಲಾಮಗಿರಿಯ ವಿರುದ್ಧ ನೇರವಾಗಿ ಒಂದು ಪುಸ್ತಕ ಬರೆದಾಗ ಓದುಗರು ಮುಖ ತಿರುಗಿಸಿದರು. ಆಕೆ ನಡೆಸುತ್ತಿದ್ದ ಮಕ್ಕಳ ಪತ್ರಿಕೆಯ ಚಂದಾ ನಿಂತುಹೋಯಿತು. ಬೇಕಾದಷ್ಟು ಉಳಿಸುವುದು ಹೇಗೆ ಅಂತ ಊರಿಗೆಲ್ಲ ಕಲಿಸಿದವಳು, ಬೇಕಾದ್ದನ್ನು ಹೇಳಿದ್ದಕ್ಕೆ ಆದಾಯ ಕಳೆದುಕೊಂಡಳು. ಉಳಿತಾಯ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹದಿನಾರು ವರ್ಷದ ನಂತರ, 1845ರ ಜುಲೈ 4ರಂದು, ಅದೇ ಮ್ಯಾಸಚೂಸೆಟ್ಸ್‌ನಲ್ಲಿ ಹೆನ್ರಿ ಡೇವಿಡ್ ಥೋರೋ ವಾಲ್ಡೆನ್ ಕೊಳದ ಪಕ್ಕದ ಗುಡಿಸಲಿಗೆ ಹೋದ. 28 ತುಂಬಲು ಇನ್ನೂ ಎಂಟು ದಿನ ಇತ್ತು. ಓದಿದ್ದು ಹಾರ್ವರ್ಡ್, ಮನೆಯದು ಪೆನ್ಸಿಲ್ ಮಾಡುವ ಉದ್ಯಮ. 10 ಅಡಿ ಅಗಲ, 15 ಅಡಿ ಉದ್ದದ ಮನೆಯನ್ನು ತಾನೇ ಕಟ್ಟಿದ. 1854ರಲ್ಲಿ ಬಂದ 'ವಾಲ್ಡೆನ್' ಪುಸ್ತಕವನ್ನು ಪ್ರಕೃತಿಪ್ರೇಮದ ಕಾವ್ಯ ಅಂತ ಕೇಳಿದ್ದೆ. ತೆರೆದು ನೋಡಿದರೆ ಮೊದಲ ಅಧ್ಯಾಯದ ಹೆಸರೇ 'ಇಕಾನಮಿ', ಅದರ ತುಂಬ ಲೆಕ್ಕ! ಮೊಳೆಗೆ 3 ಡಾಲರ್ 90 ಸೆಂಟ್, ಒಂದು ಸಾವಿರ ಹಳೇ ಇಟ್ಟಿಗೆಗೆ 4 ಡಾಲರ್, ಗಾಜಿನ ಸಮೇತ ಎರಡು ಸೆಕೆಂಡ್‌ಹ್ಯಾಂಡ್ ಕಿಟಕಿಗೆ 2 ಡಾಲರ್ 43 ಸೆಂಟ್. ಒಟ್ಟು ಮನೆಗೆ 28 ಡಾಲರ್ ಹನ್ನೆರಡೂವರೆ ಸೆಂಟ್. ಆ ಅರ್ಧ ಸೆಂಟನ್ನೂ ಬಿಟ್ಟಿಲ್ಲ ಮಾರಾಯ. ಕಾಲೇಜಿನಲ್ಲಿ ಒಂದು ರೂಮಿನ ವರ್ಷದ ಬಾಡಿಗೆಯೇ 30 ಡಾಲರ್, ಅದಕ್ಕಿಂತ ಕಡಿಮೆಗೆ ನನಗೆ ಜೀವನಪೂರ್ತಿ ಮನೆ ಅಂತ ಬೀಗುತ್ತಾನೆ. ವರ್ಷಕ್ಕೆ ಸುಮಾರು ಆರು ವಾರ ದುಡಿದರೆ ಉಳಿದ ವರ್ಷ ಪೂರ್ತಿ ನನ್ನದು ಅನ್ನುವುದು ಅವನ ತೀರ್ಮಾನ.

ನಾನು ಇಂಜಿನಿಯರ್, ಲೆಕ್ಕ ಕೊಟ್ಟರೆ ಆಡಿಟ್ ಮಾಡದೆ ಇರಲಾಗದು. ಜಾಗ ಸ್ನೇಹಿತ ಎಮರ್ಸನ್‌ನದು, ಬಾಡಿಗೆ ಇಲ್ಲ. ಇನ್ನು ಖರ್ಚಿನ ಪಟ್ಟಿಯಲ್ಲಿ ಒಂದು ಕಡೆ ಅವನೇ ಒಪ್ಪಿಕೊಳ್ಳುತ್ತಾನೆ: ಬಟ್ಟೆ ಒಗೆಯುವುದು, ಹೊಲಿಯುವುದು ಬಹುಪಾಲು ಹೊರಗಡೆ ಆಯಿತು, ಅದರ ಬಿಲ್ ಇನ್ನೂ ಬಂದಿಲ್ಲ! ಒಂದು ಪೈಸೆಯನ್ನೂ ಬಿಡದವನ ಪುಸ್ತಕದಲ್ಲಿ ಖಾಲಿ ಬಿಟ್ಟ ಸಾಲು ಅದು. ಇದನ್ನು ನಗೆಗೆ ಬರೆದನೋ, ತಿಳಿದೇ ಬರೆದನೋ. ನಾನಂತೂ ಆ ಸಾಲಿನಲ್ಲಿ ಸಿಕ್ಕಿಕೊಂಡೆ.

ಈಗ ನೇರ ಇಪ್ಪತ್ತನೇ ಶತಮಾನಕ್ಕೆ. ನ್ಯೂಯಾರ್ಕಿನ ಹಾರ್ಲೆಮ್‌ನ ಬಡತನದಲ್ಲಿ ಬೆಳೆದ ಜೋ ಡೊಮಿಂಗ್ವೆಜ್ ವಾಲ್ ಸ್ಟ್ರೀಟಿನಲ್ಲಿ ವಿಶ್ಲೇಷಕನಾಗಿ, 1969ರಲ್ಲಿ 31ನೇ ವಯಸ್ಸಿಗೆ ಕೆಲಸ ಬಿಟ್ಟ. ಕೈಯಲ್ಲಿದ್ದದ್ದು ಸುಮಾರು 70,000 ಡಾಲರ್. ಅದನ್ನು ಅಮೆರಿಕ ಸರ್ಕಾರದ ಬಾಂಡುಗಳಲ್ಲಿಟ್ಟು, ಬಡ್ಡಿಯಲ್ಲಿ, ಸ್ನೇಹಿತರ ಜತೆ ಖರ್ಚು ಹಂಚಿಕೊಂಡು ಬದುಕಿದ. ವಿಕಿ ರಾಬಿನ್ ಜತೆ ಸೇರಿ 1992ರಲ್ಲಿ ಬರೆದ 'ಯುವರ್ ಮನಿ ಆರ್ ಯುವರ್ ಲೈಫ್' ಪುಸ್ತಕ ಇವತ್ತಿಗೂ ಈ ಪಂಥದವರ ಮೂಲಗ್ರಂಥ.

ಅದರ ಮುಖ್ಯ ವಿಚಾರ ಸರಳ. ದುಡ್ಡು ಅಂದರೆ ನೀವು ಮಾರಿಕೊಂಡ ಆಯುಸ್ಸು. ಗಂಟೆಗೆ ನಿಜವಾಗಿ ಎಷ್ಟಕ್ಕೆ ಮಾರುತ್ತಿದ್ದೀರಿ ಲೆಕ್ಕ ಹಾಕಿ. ಕೈಗೆ 80,000 ಬರುವವನೊಬ್ಬ 22 ದಿನ, ದಿನಕ್ಕೆ ಎಂಟು ಗಂಟೆ ದುಡಿದರೆ 176 ಗಂಟೆ, ಅಂದರೆ ಗಂಟೆಗೆ ಸುಮಾರು 455 ರೂಪಾಯಿ. ಆದರೆ ಸಿಲ್ಕ್ ಬೋರ್ಡ್ ದಾಟಿ ಹೋಗಿಬರಲು ದಿನಕ್ಕೆ ಮೂರು ಗಂಟೆ, ತಿಂಗಳಿಗೆ 66. ರಾತ್ರಿ ಕಾಲ್‌ಗಳು ಇನ್ನೊಂದು 20. ಒಟ್ಟು 262 ಗಂಟೆ. ಕ್ಯಾಬು, ಹೊರಗಿನ ಊಟ, ಆಫೀಸಿನ ಬಟ್ಟೆ ಅಂತ 12,000 ಕಳೆದರೆ ಉಳಿದದ್ದು 68,000. ಈಗ ಭಾಗಿಸಿ: ಗಂಟೆಗೆ 260! 2,600 ರೂಪಾಯಿಯ ಶರ್ಟು ಅಂದರೆ ಹತ್ತು ಗಂಟೆ ಆಯುಸ್ಸು. ಈ ಲೆಕ್ಕ ಹಾಕಿದ ಮೇಲೆ ನಾನು ಮಾಲ್ ಕಡೆ ಹೋಗಿಲ್ಲ.

1990ರಲ್ಲಿ ಮೇನ್ ರಾಜ್ಯದ ಲೀಡ್ಸ್ ಅನ್ನುವ ಹಳ್ಳಿಯಿಂದ ಏಮಿ ಡಸಿಝಿನ್ (ತನ್ನ ಹೆಸರನ್ನು 'ಡಿಸಿಷನ್' ಅಂತಲೇ ಉಚ್ಚರಿಸಿ ಅನ್ನುತ್ತಿದ್ದಳು) 'ದಿ ಟೈಟ್‌ವಾಡ್ ಗೆಝೆಟ್' ಅಂತ ಪುಟ್ಟ ಮಾಸಿಕ ಶುರುಮಾಡಿದಳು. ಜಿಪುಣರ ಗೆಝೆಟ್ ಅನ್ನಿ. ಗಂಡ ನೌಕಾಪಡೆಯಲ್ಲಿ, ಆರು ಮಕ್ಕಳು. ವರ್ಷಕ್ಕೆ ಸರಾಸರಿ 30,000 ಡಾಲರಿಗಿಂತ ಕಡಿಮೆ ಆದಾಯದಲ್ಲಿ ಏಳು ವರ್ಷದೊಳಗೆ 49,000 ಡಾಲರ್ ಉಳಿಸಿ ಹಳೇ ತೋಟದ ಮನೆ ಕೊಂಡವರು. ಆಕೆಯ ಪ್ರಸಿದ್ಧ ಆಯುಧ 'ಪ್ರೈಸ್ ಬುಕ್': ಯಾವ ಅಂಗಡಿಯಲ್ಲಿ ಯಾವ ಸಾಮಾನಿಗೆ ಎಷ್ಟು ಬೆಲೆ ಅಂತ ಬರೆದಿಡುವ ಪುಟ್ಟ ನೋಟ್‌ಬುಕ್. ಪತ್ರಿಕೆ ಚೆನ್ನಾಗಿ ನಡೆಯುತ್ತಿರುವಾಗಲೇ 1996ರ ಕೊನೆಗೆ ನಿಲ್ಲಿಸಿಬಿಟ್ಟಳು. ಸಾಕು ಅನ್ನಿಸಿದಾಗ ಸಾಕು ಅಂದ ಅಪರೂಪದವಳು.

ಇಷ್ಟರವರೆಗೆ ಎಲ್ಲರೂ ಹೇಳಿದ್ದು ಹೇಗೆ ಉಳಿಸಬೇಕು ಅಂತ. ಎಷ್ಟು ಉಳಿಸಿದರೆ ಸಾಕು? ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಅಂತ ನಮ್ಮ ಗಾದೆ. ಕುಡಿಕೆಯಲ್ಲಿ ಎಷ್ಟು ಹೊನ್ನಿತ್ತು, ವರ್ಷಕ್ಕೆ ಎಷ್ಟು ತೆಗೆದರು ಅಂತ ಗಾದೆ ಹೇಳುವುದಿಲ್ಲ. ಅದನ್ನು ಕೇಳಿದ್ದು ವಿಲಿಯಂ ಬೆಂಗೆನ್. ಎಂಐಟಿಯಲ್ಲಿ ಏರೋನಾಟಿಕ್ಸ್ ಓದಿ, ಮನೆಯವರ ತಂಪು ಪಾನೀಯದ ಬಾಟ್ಲಿಂಗ್ ವ್ಯಾಪಾರ ನಡೆಸಿ, ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಹಣಕಾಸು ಸಲಹೆಗಾರನಾದವನು. 1926ರಿಂದ ಮುಂದಕ್ಕೆ ಅಮೆರಿಕದ ಷೇರು, ಬಾಂಡು, ಬೆಲೆಯೇರಿಕೆಯ ಅಂಕಿಗಳನ್ನು ಹರಡಿಕೊಂಡು, ಪ್ರತಿ ವರ್ಷವೂ ಒಬ್ಬ ನಿವೃತ್ತನಾದ ಅಂದುಕೊಂಡು ಓಡಿಸಿ ನೋಡಿದ. ನಮ್ಮ ಭಾಷೆಯಲ್ಲಿ ವರ್ಸ್ಟ್ ಕೇಸ್ ಟೆಸ್ಟಿಂಗ್. 1960ರ ದಶಕದ ಕೊನೆಯಲ್ಲಿ ನಿವೃತ್ತರಾದವರ ಪಾಡು ಕೆಟ್ಟದ್ದು: ಸ್ವಲ್ಪದರಲ್ಲೇ 1973-74ರ ಷೇರು ಕುಸಿತ, ಜತೆಗೆ ಬೆಲೆಯೇರಿಕೆ. ಅಂಥವರೂ ಮೊದಲ ವರ್ಷ 4 ಶೇಕಡಾ ತೆಗೆದು, ಮುಂದೆ ಬೆಲೆಯೇರಿಕೆಯಷ್ಟು ಹೆಚ್ಚಿಸುತ್ತಾ ಹೋದರೂ, ಕುಡಿಕೆ 30 ವರ್ಷ ಬಾಳಿತು. 1994ರ ಅಕ್ಟೋಬರಿನಲ್ಲಿ ಈ ಲೇಖನ ಅಚ್ಚಾಯಿತು. 1998ರಲ್ಲಿ ಟೆಕ್ಸಾಸಿನ ಟ್ರಿನಿಟಿ ವಿಶ್ವವಿದ್ಯಾಲಯದ ಮೂವರು ಪ್ರಾಧ್ಯಾಪಕರು ಹೆಚ್ಚೂಕಡಿಮೆ ಅದನ್ನೇ ಕಂಡರು. ನೂರನ್ನು ನಾಲ್ಕರಿಂದ ಭಾಗಿಸಿದರೆ 25. ನಮ್ಮ ಊಟದ ಟೇಬಲ್ಲಿನ ಮಂತ್ರ ಇಷ್ಟೇ.

ಈ ಸೂತ್ರದ ಸೊಗಸು ಏನೆಂದರೆ ಖರ್ಚು ಇಳಿಸಿದರೆ ಎರಡು ಕಡೆ ಲಾಭ. ತಿಂಗಳಿಗೆ 1,000 ಕಡಿಮೆ ಖರ್ಚಾದರೆ ಆ ಸಾವಿರ ಉಳಿಯಿತು, ಜತೆಗೆ ಗುರಿಯೇ 3 ಲಕ್ಷ ಹತ್ತಿರ ಬಂತು. ಬೆಲೆಯೇರಿಕೆ ಕಳೆದು 5 ಶೇಕಡಾ ಬೆಳವಣಿಗೆ ಸಿಗುತ್ತದೆ ಅಂದುಕೊಂಡರೆ, ಸಂಬಳದ 10 ಶೇಕಡಾ ಉಳಿಸುವವನಿಗೆ 51 ವರ್ಷ ಬೇಕು, ಅರ್ಧ ಉಳಿಸುವವನಿಗೆ 17 ಸಾಕು. 2005ರಲ್ಲಿ ಮೂವತ್ತಕ್ಕೇ ಕೆಲಸ ಬಿಟ್ಟು, 2011ರಿಂದ 'ಮಿಸ್ಟರ್ ಮನಿ ಮಸ್ಟಾಷ್' ಹೆಸರಿನಲ್ಲಿ ಬರೆದ ಪೀಟ್ ಅಡೆನಿ ಈ ಲೆಕ್ಕವನ್ನೇ ಜಗತ್ತಿಗೆಲ್ಲ ಹಂಚಿದ್ದು. ಅವನೂ ಸಾಫ್ಟ್‌ವೇರ್ ಇಂಜಿನಿಯರೇ.

ಆದರೆ ಬೆಂಗೆನ್ ನೋಡಿದ್ದು 30 ವರ್ಷ, ಅರವತ್ತು ದಾಟಿದವರಿಗೆ. ನಲವತ್ತಕ್ಕೆ ಬಿಡುವವನ ಕುಡಿಕೆ 50 ವರ್ಷ ಬಾಳಬೇಕು. ಅಂಕಿಗಳೂ ಅಮೆರಿಕದವು. ನಮ್ಮಲ್ಲಿ 2016ರಿಂದ ಬೆಲೆಯೇರಿಕೆಗೆ ಗುರಿಯಾಗಿ ಇಟ್ಟುಕೊಂಡದ್ದೇ 4 ಶೇಕಡಾ, ಎರಡು ಆಚೀಚೆ ಆಗಬಹುದು ಅಂತ ಬೇರೆ. ಇನ್ನು ಡೊಮಿಂಗ್ವೆಜ್‌ನ ಬಾಂಡು? 1981ರಲ್ಲಿ 15 ಶೇಕಡಾ ದಾಟಿದ್ದ ಅಮೆರಿಕದ ಹತ್ತು ವರ್ಷದ ಬಾಂಡಿನ ಬಡ್ಡಿ 2020ರಲ್ಲಿ 1ಕ್ಕಿಂತ ಕೆಳಗೆ ಇಳಿಯಿತು. ಒಂದು ಕಾಲದ ಮಂತ್ರ ಇನ್ನೊಂದು ಕಾಲಕ್ಕೆ ಹಾಗೇ ನಡೆಯುವುದಿಲ್ಲ.

ಇಷ್ಟೆಲ್ಲ ಓದಿ ಮತ್ತೆ ಊರಿಗೆ ಹೋದಾಗ ಅಮ್ಮನ ಲೆಕ್ಕದ ಪುಸ್ತಕ ಕೇಳಿದೆ. ಯಾವುದೋ ಅಂಗಡಿಯವರು ಕೊಟ್ಟ 2004ರ ಡೈರಿ. ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಹಾಲು, ಸೊಪ್ಪು, ಗ್ಯಾಸ್, ಪುಟ್ಟನ ಫೀಸು. ದಿನಾ ಒಂದು ಸಾಲು ತಪ್ಪದೆ: 'ಪಿಗ್ಮಿ 10'. ಸಂಜೆ ಸೈಕಲ್ಲಿನಲ್ಲಿ ಬರುತ್ತಿದ್ದ ಪಿಗ್ಮಿಯವರು ನನಗೂ ನೆನಪಿದ್ದಾರೆ. ಆ ಪಿಗ್ಮಿಯೂ ನಮ್ಮ ನೆಲದ್ದೇ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಳ್ಳಲು ಶುರುಮಾಡಿತು. ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಮಾತ್ರ ಅಮ್ಮನ ಡೈರಿಯಲ್ಲಿ ಉಳಿದಿದೆ. ನಮ್ಮ ಮನೆಗೆ ಬರುತ್ತಿದ್ದವರು ಬೇರೆ ಸೊಸೈಟಿಯವರು, ಆದರೂ ಅದು ಪಿಗ್ಮಿಯೇ.

ಎಡಗಡೆ ಇನ್ನೊಂದು ಸಾಲು ಮತ್ತೆ ಮತ್ತೆ ಬರುತ್ತದೆ. 'ಹೊಲಿಗೆ 15', 'ಹೊಲಿಗೆ 30'. ಬೀದಿಯವರ ಬ್ಲೌಸು, ಸೀರೆ ಫಾಲ್ಸು. ರಾತ್ರಿ ಮಷೀನಿನ ಸದ್ದಿನಲ್ಲೇ ನಾನು ನಿದ್ದೆ ಮಾಡುತ್ತಿದ್ದೆ. ಅದು ದುಡ್ಡಿನ ಸದ್ದು ಅಂತ ಗೊತ್ತಿರಲಿಲ್ಲ. ಜೂನ್ ತಿಂಗಳ ಒಂದು ಪುಟದಲ್ಲಿ ಎಡಗಡೆ 'ಬಳೆ 9,000', ಬಲಗಡೆ 'ಫೀಸು, ಯೂನಿಫಾರಂ, ಪುಸ್ತಕ'. ಬೇರೇನೂ ಬರೆದಿಲ್ಲ.

"ಅಮ್ಮಾ, ನಿಂಗೆ ರಿಟೈರ್ ಆಗಬೇಕು ಅಂತ ಯಾವತ್ತೂ ಅನ್ನಿಸಿಲ್ವಾ?" ಅಂದೆ.

"ಸಂಬಳ ಬರೋರಿಗೆ ತಾನೆ ರಿಟೈರ್‌ಮೆಂಟು?" ಅಂದು ಸಾರಿಗೆ ಒಗ್ಗರಣೆ ಹಾಕಲು ಎದ್ದರು.

ಡೆಬೊರಾಳ ಚಿಂದಿ, ಥೋರೋನ ಬಾರದ ಬಿಲ್ಲು, ಅಮ್ಮನ ಮಷೀನು. ನನ್ನ ಎಕ್ಸೆಲ್ ಹಾಳೆಯಲ್ಲೂ ಅದೇ ಖಾಲಿ ಸಾಲು ಇತ್ತು. ತಿಂಗಳಿಗೆ 40,000ದಲ್ಲಿ ಊರಲ್ಲಿ ಬದುಕುತ್ತೇನೆ ಅಂತ ಹಾಕಿದ್ದೆನಲ್ಲ, ಅದರಲ್ಲಿ ಅಡುಗೆ, ಪಾತ್ರೆ, ಮನೆ ಕೆಲಸ ಯಾರು ಮಾಡುತ್ತಾರೆ ಅಂತ ಯೋಚಿಸಿಯೇ ಇರಲಿಲ್ಲ. ಅಮ್ಮ ಇದ್ದಾರಲ್ಲ ಅಂತ ಮನಸ್ಸಿನ ಮೂಲೆಯಲ್ಲಿ ಎಲ್ಲೋ ಇತ್ತು.

ಹಾಗಂತ ಲೆಕ್ಕ ಬಿಟ್ಟಿಲ್ಲ. ಬಿಡುವುದೂ ಇಲ್ಲ. 2003ರಲ್ಲಿ ನಮ್ಮ ಮನೆಯ ಕುಡಿಕೆಯಲ್ಲಿ ಎರಡು ವರ್ಷದ ಖರ್ಚು ಇದ್ದಿದ್ದರೆ ಆ ಬಳೆ ಅಮ್ಮನ ಕೈಯಲ್ಲೇ ಇರುತ್ತಿತ್ತು. ಉಳಿತಾಯದ ಬೆಲೆ ನನಗೆ ಗೊತ್ತಾದದ್ದು ಬೆಂಗೆನ್‌ನಿಂದಲ್ಲ, ಆ ಪುಟದಿಂದ. ಹಾಳೆಯಲ್ಲಿ ಎರಡು ಸಾಲು ಸೇರಿಸಿದ್ದೇನೆ. ಒಂದು, ಮನೆಕೆಲಸಕ್ಕೆ ಸಂಬಳ. ಇನ್ನೊಂದು 'ಅಮ್ಮನ ಪೆನ್ಷನ್', ಈ ತಿಂಗಳಿಂದಲೇ ಶುರು. ನನ್ನ ನಿವೃತ್ತಿ ನಾಲ್ಕು ವರ್ಷ ಮುಂದೆ ಹೋಯಿತು. ಪರವಾಗಿಲ್ಲ. ಪೆನ್ಷನ್ನಿನಲ್ಲಿ ಅಮ್ಮ ಆಗಲೇ 500 ಉಳಿಸಿ ಪೋಸ್ಟ್ ಆಫೀಸಿಗೆ ಹಾಕಿದ್ದಾರೆ ಅಂತ ಅಪ್ಪ ಫೋನ್ ಮಾಡಿ ಚಾಡಿ ಹೇಳಿದರು :-)

ನಿಮ್ಮ ಮನೆಯಲ್ಲೂ ಅಟ್ಟದ ಮೇಲೋ ಟ್ರಂಕಿನೊಳಗೋ ಇಂಥ ಡೈರಿ ಇರಬಹುದು. ಸಿಕ್ಕರೆ ಒಮ್ಮೆ ತೆಗೆದು ಓದಿ. ಓದಿದ್ದನ್ನು ಬರೆಯಿರಿ, ಕಾಯುತ್ತಿರುತ್ತೇನೆ.